ಫಜೀತಿ ಪೆಡಲು

ನಮ್ಮ ಬೀದಿಯ ರೇಡಿಯೋ ಮಾವನಿಗೆ ಜಗತ್ತಿನಲ್ಲಿ ಇದ್ದ ಶತ್ರು ಒಂದೇ, ಗೊರಗೊರ. ರೇಡಿಯೋ ಗೊರಗುಟ್ಟಲಿ, ಸ್ಪೀಕರ್ ಕರಕರ ಅನ್ನಲಿ, ಮಾವ ಅದರ ಬೆನ್ನು ಬಿಚ್ಚಿ, ಧೂಳು ಊದಿ, ಬಿಟ್ಟುಹೋದ ಕಡೆ ಬೆಸುಗೆ ಹಾಕಿ, ಗಂಟಲು ಸರಿಮಾಡಿಯೇ ಕಳಿಸುತ್ತಿದ್ದರು. ಕೊಡುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ಬ್ಯಾಟರಿ ಹಾಕಿ ಕೊಡುವುದು ಅವರ ಪದ್ಧತಿ. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ. “ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸ್ತಾರಾ?” ಎನ್ನುವರು.

ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ. ನಡುವೆ ಒಂದು ಪರದೆ. ಪರದೆಯಾಚೆಯ ಕತ್ತಲೆ ಓಣಿಯಲ್ಲಿ ಅತ್ತೆಯ ಹೊಲಿಗೆ ಮಿಷನ್ನು. ದಾರ ಪೋಣಿಸಲು ಬೆಳಕು ಸಾಲದೆ ಅತ್ತೆಗೆ ಮುಂದಿನ ಕೋಣೆಯ ಮೇಲೆ ಬಹಳ ದಿನದಿಂದ ಕಣ್ಣು.

“ನಿಮ್ಮ ಕಿವಿ ಮಂದ ಆಗಿದೆ ರೀ. ಸಾಕು ಮಾಡಿ.”

“ನಾನು ರಿಪೇರಿ ಮಾಡಿದ್ದು ಒಂದು, ಒಂದೇ ಒಂದು ವಾಪಸ್ ಬರ್ಲಿ. ಅವತ್ತೇ ಕೋಣೆ ನಿಂದು” ಎಂದು ಮಾವ ಒಂದು ದಿನ ಬಾಯಿಬಿಟ್ಟು ಹೇಳಿಬಿಟ್ಟಿದ್ದರು. ಅತ್ತೆ ಅವತ್ತೇ ಟೇಪು ತಂದು ಕೋಣೆಯ ಅಳತೆ ತೆಗೆದುಕೊಂಡರು.

ಹಲ್ಲಿನ ಡಾಕ್ಟ್ರಮ್ಮ ಪೆಡಲು ತಂದದ್ದು ಆಮೇಲೆ. ಬೀದಿಯ ಕೊನೆಯಲ್ಲಿ ಅವರ ಕ್ಲಿನಿಕ್ಕು. ಹಗಲೆಲ್ಲ ಜನರ ಬಾಯಲ್ಲಿ ಗಿರ್ರೆನ್ನಿಸಿ, ಸಂಜೆ ಇಬ್ಬರು ಗೆಳತಿಯರ ಜತೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಿರ್ರೆನ್ನಿಸುವುದು ಅವರ ದಿನಚರಿ. ಪೆಡಲು ಅಂದರೆ ಒಂದು ಕಬ್ಬಿಣದ ಡಬ್ಬಿ. ಗಿಟಾರಿನ ವೈರು ಅದರೊಳಗೆ ಹೊಕ್ಕು, ಸ್ಪೀಕರಿಗೆ ಹೊರಬೀಳುತ್ತದೆ. ಮೇಲಿನ ಗುಂಡಿಯನ್ನು ಕಾಲಲ್ಲಿ ಒತ್ತಿದರೆ ನೆಟ್ಟಗಿದ್ದ ದನಿ ಹರಿದ ಬಟ್ಟೆಯ ಹಾಗೆ ಚಿಂದಿಯಾಗುತ್ತದೆ. ಇದಕ್ಕೆ ಫಜ್ ಎಂದು ಹೆಸರು. ಇದು ಹಳೇ ಕಾಲದ ಮಾದರಿ, ಈ ಗಂಟಲು ಈಗಿನವಕ್ಕೆ ಬರುವುದಿಲ್ಲವಂತೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಫಜೀತಿ ಪೆಡಲು’ ಎಂದು ನಾಮಕರಣ ಮಾಡಿದರು.

ಕೆಟ್ಟಿದ್ದದ್ದು ಬರೀ ಗುಂಡಿ. ಮಾವ ಹೊಸದು ಕೂಡಿಸಿದರು, ಒರೆಸಿದರು, ಅಂಗಡಿಯಲ್ಲಿದ್ದ ಒಂದೇ ಒಂದು ಹೊಸ ಬ್ಯಾಟರಿಯನ್ನೂ ಹಾಕಿ ಕಳಿಸಿದರು.

ಎರಡು ದಿನಕ್ಕೆ ಡಾಕ್ಟ್ರಮ್ಮ ಹೆಗಲಿಗೆ ಗಿಟಾರು, ಕೈಯಲ್ಲಿ ಡಬ್ಬಿ ಹಿಡಿದು ಬೆಳಿಗ್ಗೆಯೇ ಬಂದು ನಿಂತರು.

“ಮಾವ, ಇದಕ್ಕೇನು ಮಾಡಿದ್ರಿ?”

“ಯಾಕಮ್ಮ, ಗುಂಡಿ ಮತ್ತೆ ಕಚ್ಕೊಳ್ತಾ?”

“ಗುಂಡಿ ಬೆಣ್ಣೆ ಥರ ಇದೆ. ದನಿ ಹೋಗಿದೆ.”

ಅಂಗಡಿಯ ಸ್ಪೀಕರಿಗೆ ಸಿಕ್ಕಿಸಿ ತಂತಿ ಮೀಟಿದರು. ಕಿಟಕಿ ಗಾಜು ನಡುಗಿತು.

“ಗೊರಗೊರ ಅಂತಿದೆಯಲ್ಲಮ್ಮ!”

“ಅನ್ಬೇಕು. ಆದ್ರೆ ಹೀಗಲ್ಲ. ಇದು ತಗಡಿನ ಗೊರಗೊರ. ನಂದು ಕಂಬಳಿ ಥರ ಇತ್ತು.”

ಮಾವ ಕನ್ನಡಕ ತೆಗೆದರು, ಹಾಕಿಕೊಂಡರು. “ಗೊರಗೊರದಲ್ಲೂ ಒಳ್ಳೇದು ಕೆಟ್ಟದ್ದು ಅಂತ ಇದೆಯಾ?”

“ಹಲ್ಲುನೋವಲ್ಲಿ ಇಲ್ವಾ ಮಾವ, ನೂರು ಥರ?”

“ನನ್ನ ಹಲ್ಲೆಲ್ಲ ನೀವೇ ಕಟ್ಟಿಕೊಟ್ಟಿದ್ದು. ನೋಯೋಕೆ ಅಲ್ಲಿ ಏನಿದೆ?”

ಡಾಕ್ಟ್ರಮ್ಮ ನಗಲಿಲ್ಲ. “ಸಂಜೆ ಕೊನೇ ಹಾಡು ರೆಕಾರ್ಡ್ ಮಾಡ್ಬೇಕು. ಮಿಕ್ಕಿದ್ದೆಲ್ಲ ಆ ದನೀಲೇ ಆಗಿದೆ. ಕ್ಲಿನಿಕ್ ಮುಗಿಸಿ ಬರ್ತೀನಿ. ಹೇಗಾದ್ರೂ ಮಾಡಿ.”

ಅವರು ಮೆಟ್ಟಿಲಿಳಿಯುತ್ತಿದ್ದಂತೆ ಪರದೆಯಾಚೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

“ಬಂತಾ ವಾಪಸ್ಸು?”

“ಬಂದಿಲ್ಲ ಕಣೇ. ತೋರಿಸೋಕೆ ತಂದಿದ್ರು.”

“ತೋರಿಸಿದ್ದನ್ನ ಬಿಟ್ಟು ಹೋದ್ರಲ್ಲ” ಎಂದು ಅತ್ತೆ ಪರದೆ ಸರಿಸಿ, ಮಾವನ ಮೇಜನ್ನು ಯಾವ ಗೋಡೆಗೆ ತಳ್ಳಬಹುದೆಂದು ಕಣ್ಣಲ್ಲೇ ನೋಡಿ ಹೋದರು.

ಮಾವ ಡಬ್ಬಿ ಬಿಚ್ಚಿ, ಕರೆಂಟು ಅಳೆಯುವ ಮೀಟರು ಹಿಡಿದು ಕೂತರು. ಅಲ್ಲಿಂದ ಅವರ ತಲೆ ಕೆಡಲು ಶುರುವಾಯಿತು. ಒಳಗಿನ ಒಂದೊಂದು ಬಿಡಿಭಾಗವೂ ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಹಾಗಾದರೆ ಎಲ್ಲವೂ ಒಟ್ಟಿಗೆ ಕೆಟ್ಟಿವೆಯೇ? ಎಲ್ಲವೂ ಕೆಟ್ಟರೆ ಸದ್ದೇ ಬರಬಾರದು. ಸದ್ದು ಬರುತ್ತಿದೆ, ಆದರೆ ಸರಿಯಾದ ಕೆಟ್ಟ ಸದ್ದು ಬರುತ್ತಿಲ್ಲ, ತಪ್ಪು ಕೆಟ್ಟ ಸದ್ದು ಬರುತ್ತಿದೆ. ಜೀವಮಾನವೆಲ್ಲ ಗೊರಗೊರ ಓಡಿಸಿದ ಮನುಷ್ಯ ಈಗ ಓಡಿಹೋದ ಗೊರಗೊರವನ್ನು ಹುಡುಕಿ ತರಬೇಕು. ಸಿಕ್ಕರೂ ಗುರುತು ಹಿಡಿಯುವುದು ಹೇಗೆ? ತಂತಿ ಮೀಟುವವರಿಗೆ ಕೇಳುವುದು ಮೀಟರಿನವರಿಗೆ ಕೇಳಬೇಕೆಂದು ಎಲ್ಲಿದೆ? ಅತ್ತೆ ಹೇಳಿದ್ದೇ ನಿಜ, ಕಿವಿ ಹೋಯಿತು ಎಂದುಕೊಂಡರು. ಕಿವಿ ಹೋಗಿದ್ದರೆ ಅತ್ತೆ ಹೇಳಿದ್ದು ಹೇಗೆ ಕೇಳಿಸಿತು ಎಂದೂ ಅಂದುಕೊಂಡರು.

ಕೊನೆಗೆ ಬ್ಯಾಟರಿ ನೋಡಿದರು. ಒಂಬತ್ತು ವೋಲ್ಟಿನದು ಹನ್ನೊಂದೂವರೆ ತೋರಿಸಿತು. ಸಿಕ್ಕಿಬಿದ್ದ ಕಳ್ಳ! ಮಾವ ಚಪ್ಪಲಿಯನ್ನೂ ಮೆಟ್ಟದೆ ಎದುರಂಗಡಿಗೆ ಓಡಿ ಇನ್ನೊಂದು ಕೊಂಡು ಅಲ್ಲೇ ಮೀಟರು ಹಚ್ಚಿದರು. ಹನ್ನೊಂದೂವರೆ. ಮತ್ತೊಂದು ತೆಗೆಸಿದರು. ಅದೂ ಹನ್ನೊಂದೂವರೆ.

“ಏನಯ್ಯಾ, ನಿನ್ನ ಬ್ಯಾಟರಿ ಎಲ್ಲ ಜಾಸ್ತಿ ಕೊಡ್ತಿವೆ!”

ಎದುರಂಗಡಿಯವನು ತಕ್ಕಡಿಯಲ್ಲಿ ಒಂದು ಕಾಳು ಹೆಚ್ಚು ಬಿದ್ದರೂ ಎತ್ತಿ ಚೀಲಕ್ಕೆ ಹಾಕುವ ಆಸಾಮಿ. ಅವನಿಗೆ ನಿಜಕ್ಕೂ ನೋವಾಯಿತು.

“ಏನ್ಮಾತು ಅಂತ ಆಡ್ತೀರಿ ಮಾವ! ನಮ್ಮಪ್ಪನ ಕಾಲದಿಂದ ಈ ಅಂಗಡೀಲಿ ಯಾರಿಗೂ ಒಂದು ಚೂರು ಜಾಸ್ತಿ ಹೋಗಿಲ್ಲ. ನಿಮ್ಮ ಮೀಟರೇ ಸುಳ್ಳು ಹೇಳ್ತಿರ್ಬೇಕು.”

ಮಾವ ಅಲ್ಲೇ ನಿಂತುಬಿಟ್ಟರು. ಅವನ ಜಿಪುಣತನದ ಮೇಲೆ ಇಡೀ ಬೀದಿಗೆ ನಂಬಿಕೆಯಿತ್ತು. ಮೀಟರಿನ ಮೇಲೆ ನಂಬಿಕೆ ಇದ್ದದ್ದು ಮಾವನೊಬ್ಬರಿಗೇ.

ಮನೆಗೆ ಬಂದು ಮೀಟರಿನ ಬೆನ್ನು ಬಿಚ್ಚಿದರು. ಒಳಗಿನ ಬ್ಯಾಟರಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ಹಲ್ಲಿನ ಚಿತ್ರ, ಆ ಹಲ್ಲಿಗೇ ಬಾಯಿ ಬರೆದು ನಗಿಸಿತ್ತು. ಅಳುವ ಮಕ್ಕಳಿಗೆ ಡಾಕ್ಟ್ರಮ್ಮ ಕೊಡುವ ಚೀಟಿ. ಆಗ ನೆನಪಾಯಿತು. ಪೆಡಲಿಗೆ ಗುಂಡಿ ಕೂಡಿಸಿದ ದಿನ ಮೀಟರಿನ ಬ್ಯಾಟರಿ ಮುಗಿದಿತ್ತು. ಇದ್ದೊಂದು ಹೊಸದನ್ನು ಪೆಡಲಿಗೆ ಹಾಕಿ, ಪೆಡಲಿನದರಲ್ಲಿ ಇನ್ನೂ ಜೀವ ಇದೆಯಲ್ಲ ಎಂದು ಮೀಟರಿಗೆ ತುರುಕಿದ್ದರು. ಕೈಗೆ ಅಭ್ಯಾಸವಾದ ಕೆಲಸ, ತಲೆಗೆ ಸುದ್ದಿಯೇ ಹೋಗಿರಲಿಲ್ಲ. ಬಡಕಲು ಬ್ಯಾಟರಿ ತಿಂದ ಮೀಟರು ಎಲ್ಲದಕ್ಕೂ ಹೆಚ್ಚು ಹೆಚ್ಚು ಹೇಳುತ್ತಿತ್ತು. ಬ್ಯಾಟರಿ ಇಳಿದರೆ ಎಚ್ಚರಿಸುವ ಗುರುತು ಮೂಡಬೇಕಾದ ಗಾಜಿನ ಮೂಲೆ ಯಾವಾಗಲೋ ಮೀಟರು ಕೆಳಗೆ ಬಿದ್ದಾಗ ಕಪ್ಪಾಗಿತ್ತು.

ಹೊಸ ಬ್ಯಾಟರಿ ಹಾಕಿಸಿಕೊಂಡ ಮೀಟರು ಸತ್ಯವಂತನಾಯಿತು. ಪೆಡಲಿನಲ್ಲಿ ಎಲ್ಲವೂ ಸರಿಯಾಗಿದೆ ಎಂದಿತು. ಇದರಿಂದ ಮಾವನಿಗೆ ಇನ್ನಷ್ಟು ಗಲಿಬಿಲಿಯಾಯಿತು. ಎಲ್ಲ ಸರಿಯಾಗಿದ್ದರೆ ದನಿ ಹೋದದ್ದೆಲ್ಲಿಗೆ?

ಸಂಜೆ ಡಾಕ್ಟ್ರಮ್ಮ ಗಿಟಾರು ಹೊತ್ತು ಬಂದರು. ಅತ್ತೆ ಟೇಪು ಕೊರಳಿಗೆ ಹಾಕಿಕೊಂಡು ಪರದೆಯ ಬಳಿ ನಿಂತಿದ್ದರು.

“ನನಗೆ ಹತ್ತಲಿಲ್ಲಮ್ಮ” ಎಂದರು ಮಾವ. “ನಿಮ್ಮ ಬ್ಯಾಟರಿ ಮಾತ್ರ ನಾನು ತಗೊಂಡ್ಬಿಟ್ಟಿದ್ದೆ. ನಿಮ್ಮ ವಸ್ತು ನಿಮಗೆ ಕೊಡೋದು ಧರ್ಮ” ಎಂದು ನಗುವ ಹಲ್ಲಿನ ಬ್ಯಾಟರಿಯನ್ನು ಡಬ್ಬಿಯಲ್ಲಿ ಕೂಡಿಸಿದರು.

ಡಾಕ್ಟ್ರಮ್ಮ ಸುಮ್ಮನೆ ಒಂದು ಸಲ ಮೀಟಿದರು. ಮೀಟಿದ ಕೈ ಹಾಗೇ ನಿಂತಿತು.

“ಇದೇ!”

“ಯಾವುದು?”

“ಇದೇ ಮಾವ, ಕಂಬಳಿ!”

ಮಾವನಿಗೆ ಬೆಳಗಿನ ಗೊರಗೊರಕ್ಕೂ ಈ ಗೊರಗೊರಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. “ಅಂದ್ರೆ ಅರೆಹೊಟ್ಟೇಲಿದ್ರೇನೇ ಇದು ಹಾಡೋದಾ?”

“ನನಗೂ ಗೊತ್ತಿರ್ಲಿಲ್ಲ. ಗೆಳತೀರು ಕದೀತಾರೆ ಅಂತ ಚೀಟಿ ಅಂಟಿಸಿದ್ದೆ, ಅಷ್ಟೇ.”

ಡಾಕ್ಟ್ರಮ್ಮ ಡಬ್ಬಿ ಅವಚಿಕೊಂಡು ರೆಕಾರ್ಡಿಂಗಿಗೆ ಓಡಿದರು. ಮಾವ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬತೊಡಗಿದರು. ಮಾತು ಮಾತೇ.

“ಅದ್ಯಾಕೆ ಕಟ್ತಿದ್ದೀರಿ?” ಎಂದರು ಅತ್ತೆ.

“ವಾಪಸ್ ಬಂತಲ್ಲೇ.”

ಅತ್ತೆ ಸ್ವಲ್ಪ ಹೊತ್ತು ಮೇಜು ನೋಡಿದರು, ಕಿಟಕಿಯ ಬೆಳಕು ನೋಡಿದರು, ಗಂಡನ ಮುಖ ನೋಡಿದರು. “ನೀವು ರಿಪೇರಿ ಮಾಡಿದ ಗುಂಡಿ ವಾಪಸ್ ಬರ್ಲಿಲ್ಲ. ವಾಪಸ್ ಬಂದಿದ್ದು ನಿಮ್ಮ ಬಿಟ್ಟಿ ಬ್ಯಾಟರಿ ಉಪಕಾರ. ಲೆಕ್ಕಕ್ಕಿಲ್ಲ, ಸ್ಕ್ರೂಡ್ರೈವರೆಲ್ಲ ಮತ್ತೆ ಆಚೆ ತೆಗೀರಿ. ಆದ್ರೆ ಆ ಕಿಟಕಿ ಕೆಳಗೆ ನನ್ನ ಮಿಷನ್ ಬರುತ್ತೆ, ಈಗ್ಲೇ ಹೇಳಿದ್ದೀನಿ.”

ಈಗ ಮುಂದಿನ ಕೋಣೆಯಲ್ಲಿ ಹೊಲಿಗೆಯದೂ ಪೆಡಲು, ರಿಪೇರಿಯದೂ ಪೆಡಲು. ಮೂಲೆಯಲ್ಲೊಂದು ಪುಟ್ಟ ರೇಡಿಯೋ ಯಾರೂ ಕೇಳದಿದ್ದರೂ ಹಗಲೆಲ್ಲ ಗುನುಗುತ್ತಿರುತ್ತದೆ. ಯಾಕೆ ಎಂದರೆ, “ಡಾಕ್ಟ್ರಮ್ಮನ ಮುಂದಿನ ಬ್ಯಾಟರಿ. ಸುಸ್ತು ಮಾಡಿಸ್ತಿದೀನಿ” ಎನ್ನುತ್ತಾರೆ ಮಾವ, ತಾವು ಆಡಿದ ಮಾತು ತಮಗೇ ನಂಬಿಕೆಯಾಗದವರಂತೆ.

ಮೊನ್ನೆ ನನ್ನ ಟಾರ್ಚು ಕೊಟ್ಟಿದ್ದೆ. ಒರೆಸಿದರು. ಹೊಸ ಬ್ಯಾಟರಿಗೆ ಕೈ ಹಾಕಿದವರು ಅರ್ಧಕ್ಕೇ ನಿಲ್ಲಿಸಿ, ನನ್ನ ಮುಖ ನೋಡಿದರು.

“ಬೆಳಕು ಚೆನ್ನಾಗಿರ್ಬೇಕಾ, ಇಲ್ಲ ಮೊದಲಿನ ಥರಾನೇ ಇರ್ಬೇಕಾ?”