ಲಿಂಗ ಹಿಡಿಯದ ಕರಡಿಗೆ

ಹುಲಸೂರಿನಿಂದ ಸೊಸೆಯಾಗಿ ಬಂದ ಲಲಿತಾಬಾಯಿ, ಗಂಡ ಮಹಾರುದ್ರಪ್ಪ ತೀರಿಕೊಂಡ ಮೇಲೆ ಬಸವಕಲ್ಯಾಣದ ಅಂಗಡಿಯ ಗಾದಿಯ ಮೇಲೆ ತಾನೇ ಕುಳಿತಳು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಗಳನ್ನು ಮಾರುವ ಅಂಗಡಿ ಅದು. ಗಂಡನ ಪದ್ಧತಿಯನ್ನು ಆಕೆ ಬಿಡಲಿಲ್ಲ. ಕೊಳ್ಳಲು ಬಂದವರು ತಮ್ಮ ಲಿಂಗವನ್ನು ತಾವೇ ಕರಡಿಗೆಯಲ್ಲಿಟ್ಟು ಮುಚ್ಚಿ ನೋಡಬೇಕು. ಒಳಗೆ ಅಲುಗಬಾರದು, ಮುಚ್ಚಳ ತಾನಾಗಿ ತೆರೆಯಬಾರದು. ಆಮೇಲೆಯೇ ದರದ ಮಾತು. ಯಾರದಾದರೂ ಲಿಂಗ ದಾರಿಯಲ್ಲಿ ಕಳಚಿ ಬಿದ್ದರೆ ಅವರ ಮನೆಯಲ್ಲಿ ಅಂದು ಒಲೆ ಹತ್ತುವುದಿಲ್ಲವೆಂದು ಆಕೆ ಬಲ್ಲಳು.

ಹುಮನಾಬಾದಿನಲ್ಲಿ ಅಂಗಡಿ ಇಟ್ಟಿದ್ದ ಮೈದುನ ವೀರಭದ್ರನಿಗೆ ಇದೆಲ್ಲ ಅಜ್ಜಿಯರ ಹರಟೆ. ಹೈದರಾಬಾದಿನ ದಲಾಲನೊಬ್ಬನ ಬೆನ್ನು ಹತ್ತಿ ಚೀನಾಕ್ಕೆ ಹೋಗಿ ಬಂದಿದ್ದ. ಅಲ್ಲಿ ನೋಡಿದ್ದು ಕಡಿಮೆ, ಇಲ್ಲಿ ಹೇಳಿಕೊಂಡದ್ದು ಹೆಚ್ಚು. ಕರಡಿಗೆ ಮಾಡಿಸಲು ಅಕ್ಕಸಾಲಿಗನ ಮುಂದೆ ಕಾಯುತ್ತ ಕೂರುವವರು ದಡ್ಡರೆಂಬುದು ಅವನ ಸಿದ್ಧಾಂತ.

ಕೊಹಿನೂರದಲ್ಲಿ ಊರ ಮಕ್ಕಳಿಗೆಲ್ಲ ಲಿಂಗದೀಕ್ಷೆ ನಿಗದಿಯಾಗಿ, ಕರಡಿಗೆಗಳ ಹೊಣೆ ಲಲಿತಾಬಾಯಿಗೆ ಬಂತು. ವೀರಭದ್ರ ಓಡಿ ಬಂದ. ಎಲ್ಲವನ್ನೂ ಹೊರದೇಶದಲ್ಲಿ ಮಾಡಿಸುತ್ತೇನೆ, ಮುಚ್ಚಳದ ಮೇಲೆ ಅಣ್ಣನ ಹೆಸರನ್ನೇ ಅಚ್ಚು ಹಾಕಿಸುತ್ತೇನೆ ಎಂದ. ಗಂಡನ ಹೆಸರು ಕಿವಿಗೆ ಬಿದ್ದದ್ದೇ ಆಕೆ ಕರಗಿ ಒಪ್ಪಿದಳು.

ಸರಕು ಬಂದದ್ದು ದೀಕ್ಷೆಯ ಹಿಂದಿನ ದಿನ. ಮದುವೆಯ ಗಂಡಿನಂತೆ ಮಿರುಗುತ್ತಿತ್ತು. ಲಲಿತಾಬಾಯಿ ತನ್ನ ಲಿಂಗವನ್ನು ಒಂದರಲ್ಲಿ ಇಟ್ಟು ನೋಡಿದಳು. ಒಳಗೆ ಕೆಂಪು ಮಖಮಲ್ಲಿನ ಮೆತ್ತೆ, ಮೆತ್ತೆಯ ನಡುವೆ ಉಂಗುರ ಸಿಕ್ಕಿಸುವ ಸೀಳು! ಲಿಂಗ ಅರ್ಧ ಹೊರಗೇ ಉಳಿಯಿತು. ಮೆತ್ತೆಯನ್ನು ಕಿತ್ತರೆ ಕರಡಿಗೆಯ ತಳವೂ ಎದ್ದು ಬಂತು.

ವೀರಭದ್ರನನ್ನು ಕೇಳಿದಾಗ ಸಂಗತಿ ಹೊರಬಿತ್ತು. ಲಿಂಗವನ್ನು ಪರರ ಕೈಗೆ ಕೊಡಬಾರದೆಂದು ಈ ಆಚಾರವಂತ ಬರಿಯ ಕರಡಿಗೆಯನ್ನು ಮಾದರಿಗೆ ಕಳಿಸಿದ್ದ. ಅದರಲ್ಲಿ ಏನಿಡುತ್ತಾರೆಂದು ಹೇಳುವುದೂ ಅಪಚಾರವೆಂದು ಬಾಯಿ ಮುಚ್ಚಿಕೊಂಡಿದ್ದ. ಚೀನಾದವರು ಅದನ್ನು ಉಂಗುರದ ಡಬ್ಬಿ ಎಂದುಕೊಂಡು ತಮಗೆ ತಿಳಿದದ್ದನ್ನು ಮಾಡಿದರು. ಮೊದಲು ಒಂದನ್ನು ತರಿಸಿ ನೋಡುವಷ್ಟು ಪುರುಸೊತ್ತು ಈ ಮಹಾನ್ ವ್ಯಾಪಾರಿಗೆ ಇರಲಿಲ್ಲ.

"ಚಿಂತಿ ಯಾಕ್ರಿ ವೈನಿ," ಎಂದ ವೀರಭದ್ರ. "ಲಿಂಗಾನೇ ಸಣ್ಣವು ಮಾಡ್ಸೂಣು. ಫೋನ್ ಮಾಡಿದ್ರ ಅವ್ರೇ ಮಾಡಿ ಕಳಸ್ತಾರ."

"ಹಂಗಾದ್ರ ದೀಕ್ಷಾ ಕೊಡಾಕ ಅಯ್ಯನವ್ರನ್ನೂ ಅಲ್ಲಿಂದನೇ ತರ್ಸು," ಎಂದಳು ಲಲಿತಾಬಾಯಿ. "ಸೋವಿಯೊಳಗ ಸಿಗ್ತಾರೇನ ಕೇಳಿ ನೋಡು."

ಅವನು ಇನ್ನೊಂದು ಉಪಾಯ ಹೇಳಿದ. ಮುಚ್ಚಿದ ಕರಡಿಗೆಗಳನ್ನೇ ತಟ್ಟೆಯಲ್ಲಿಟ್ಟು ಕೊಡೋಣ, ತೆರೆದವರು ತಾವೇ ನೋಡಿಕೊಳ್ಳಲಿ. ಈಗಲೇ ಹೇಳಿಬಿಟ್ಟರೆ ಅಣ್ಣನ ಹೆಸರು ಮಣ್ಣುಪಾಲಾಗುತ್ತದೆ ಎಂದ. ಈ ಮಾತು ಮಾತ್ರ ಆಕೆಯನ್ನು ಚುಚ್ಚಿತು. ಗಾದಿಯಿಂದ ಎದ್ದು, ತೆಳುವಾದ ಬಿಳಿಯ ಮಲ್‌ಬಟ್ಟೆಯ ಸುತ್ತಿದ ಥಾನನ್ನು ಬಗಲಲ್ಲಿ ಇಟ್ಟುಕೊಂಡು ಕೊಹಿನೂರದ ಬಸ್ಸು ಹತ್ತಿದಳು.

ಊರ ಹಿರಿಯರ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಒಬ್ಬಿಬ್ಬರು ಮುಖ ತಿರುವಿದರು. ಅಯ್ಯನವರು ಮಾತ್ರ, ಕರಡಿಗೆ ಇಲ್ಲದ ಬಡವರು ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ ಎಂದು ಹೇಳಿ, ಥಾನಿನಿಂದ ಮೊದಲ ತುಂಡನ್ನು ತಾವೇ ಹರಿದರು. ಮರುದಿನ ಮಕ್ಕಳೆಲ್ಲ ಬಿಳಿಯ ಬಟ್ಟೆಯಲ್ಲಿ ಲಿಂಗ ಕಟ್ಟಿಕೊಂಡು ಸಾಲಾಗಿ ಕುಳಿತರು. ಹಿರಿಯ ಕಲ್ಲಿನಾಥ ಆಕೆಯ ಬಳಿ ಬಂದ.

"ಕರಡಿಗಿ ಆದಾಗ ಕೊಡ್ರಿ ಅಕ್ಕಾರ. ಹುಡುಗ್ರು ಎಲ್ಲಿ ಓಡಿ ಹೋಗ್ತಾವ."

ಅತ್ತ ಪ್ರಸಾದದ ಪಂಕ್ತಿಯಲ್ಲಿ ವೀರಭದ್ರ ಖಾಲಿ ತಟ್ಟೆಯನ್ನು ಬೋರಲು ಹಿಡಿದು, ಇಂಥ ತಟ್ಟೆಗಳನ್ನು ಚೀನಾದಲ್ಲಿ ಮಾಡಿಸಿದರೆ ಊರಿಗೆ ಎಷ್ಟು ಬೇಕಾಗುತ್ತವೆ ಎಂದು ಪಕ್ಕದವನನ್ನು ಕೇಳುತ್ತಿದ್ದ.