ತಪ್ಪನ್ನು ನೆತ್ತಿಯ ಮೇಲೇ ಬರೆದ ಸೆಲಿನಾ

ಮೈಸೂರು ನಜರ್‌ಬಾದಿನ ಸೆಲಿನಾ ಅದೇ ಊರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವವರು. ಆದರೆ ಫಸ್ಟ್ ಶಿಫ್ಟಿನ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ, ಅವರು ಬ್ಲಾಗ್ ಆಂಟಿ! ಯಾವ ಸ್ಟಾರ್ಟಪ್ ಹುಟ್ಟಿತು, ಯಾವುದು ಬಾಗಿಲು ಹಾಕಿತು, ಯಾವ ಆ್ಯಪ್ ಬರೀ ಬಡಾಯಿ ಎಂದು ಒಂಬತ್ತು ವರ್ಷದಿಂದ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲೇ ಕನ್ನಡದಲ್ಲಿ ಬರೆಯುತ್ತಾರೆ, ಇಡೀ ಬಸ್ಸು ಓದುತ್ತದೆ.

ಶಿಫ್ಟ್ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ತೋರಿಸುವ ಆ್ಯಪನ್ನು ಮೈಸೂರಿನ ಹುಡುಗರೇ ತಂದ ಸುದ್ದಿ ಬಂದಾಗ, ಸೆಲಿನಾ ಖುಷಿಯಲ್ಲಿ ಪರೀಕ್ಷಿಸದೆಯೇ ಬರೆದುಬಿಟ್ಟರು: "ನಮ್ಮೂರು ಗೆದ್ದಿತು, ಇನ್ನು ಸ್ಟಾಪಿನಲ್ಲಿ ಕಾಯುವುದು ಬೇಡ!"

ಮೂರನೇ ದಿನ ಊಟದ ಹೊತ್ತಿಗೆ, ಕೆಲಸಕ್ಕೆ ಸೇರಿ ತಿಂಗಳೂ ಆಗದ ಶಿಲ್ಪಶ್ರೀ ಕಣ್ಣು ಕೆಂಪಗೆ ಮಾಡಿಕೊಂಡು ಎದುರು ನಿಂತಳು.

"ನೀವ್ ಬರ್ದಿದ್ ನಂಬ್ಕೊಂಡು ಆ್ಯಪ್ ಹೇಳಿದ್ ಟೈಮಿಗೇ ಬಂದೆ ಆಂಟಿ. ಬಸ್ಸು ಆಗ್ಲೇ ಹೋಗ್ಬುಟ್ಟಿತ್ತು. ಇನ್ನೊಂದ್ಸಲ ಲೇಟಾದ್ರೆ ಕೆಲ್ಸ ಖಾಯಂ ಮಾಡಲ್ವಂತೆ."

ಸೆಲಿನಾ ಊಟದ ಡಬ್ಬಿ ಮುಚ್ಚಿ ಮೊಬೈಲು ತೆಗೆದರು.

"ಡಿಲೀಟ್ ಮಾಡ್ಬುಡಿ, ಯಾರಿಗ್ ಗೊತ್ತಾಗತ್ತೆ?" ಎಂದರು ಪಕ್ಕದಲ್ಲಿದ್ದ ರಮಾಮಣಿ.

"ಇವಳಿಗ್ ಗೊತ್ತಲ್ಲ!"

ಸೆಲಿನಾ ಹಳೆಯ ಬರಹವನ್ನು ಹಾಗೇ ಬಿಟ್ಟು, ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿದರು: "ಇದು ತಪ್ಪು. ನೋಡದೆ ಬರೆದೆ. ನನ್ನನ್ನು ನಂಬಿದವರಿಗೆ ಬಸ್ಸು ತಪ್ಪಿತು."

ಸಂಜೆಗೇ ಆ್ಯಪ್ ಮಾಡಿದ ಗುರುಕಿರಣ್ ಫೋನು. "ಮೇಡಂ, ಈ ವಾರ ಇನ್ವೆಸ್ಟರ್ಸ್ ಬರ್ತಿದಾರೆ. ಪ್ಲೀಸ್ ತೆಗ್ದುಬಿಡಿ."

"ತೆಗಿಯಲ್ಲ ಕಣಪ್ಪ. ನಾಳೆ ಬೆಳಿಗ್ಗೆ ಐದಕ್ಕೆ ಸ್ಟಾಪಿಗೆ ಬಾ. ಕಾಫಿ ನಾನ್ ತರ್ತೀನಿ."

ಬಂದೇ ಬಂದ! ನೋಡಿದರೆ, ಡ್ರೈವರ್ ಮಹದೇವು ಗಡಿಯಾರವನ್ನೇ ನೋಡುವುದಿಲ್ಲ. ಕನ್ನಡಿಯಲ್ಲಿ ಮುಖಗಳನ್ನು ನೋಡುತ್ತಾರೆ. ದಿನಾ ಬರುವವರೆಲ್ಲ ಹತ್ತಿದ್ದರೆ ಐದು ನಿಮಿಷ ಮೊದಲೇ ಹೊರಡುತ್ತಾರೆ, ಒಬ್ಬರು ಕಮ್ಮಿಯಿದ್ದರೆ ಕಾಯುತ್ತಾರೆ. ಹೊಸಬಳಾದ ಶಿಲ್ಪಶ್ರೀಯ ಮುಖ ಅವರಿಗಿನ್ನೂ ಪರಿಚಯವೇ ಆಗಿರಲಿಲ್ಲ. ಸೆಲಿನಾ ಅವಳನ್ನು ಕರೆದು ತೋರಿಸಿದರು.

"ಮೊದ್ಲೇ ಹೇಳ್ಬಾರ್ದೇನಮ್ಮಾ? ಇನ್ಮೇಲೆ ನಿನ್ ಬಿಟ್ಟು ಗೇರ್ ಹಾಕಲ್ಲ," ಎಂದರು ಮಹದೇವು.

"ಇದನ್ನ ಆ್ಯಪಿಗೆ ಹೆಂಗ್ ಹೇಳ್ಕೊಡ್ಲಿ?" ಗುರುಕಿರಣ್ ತಲೆ ಕೆರೆದುಕೊಂಡ.

"ಅದ್ ನಿನ್ ಕೆಲ್ಸ. ಸರಿ ಮಾಡು, ಐದ್ ದಿನ ನಾನೇ ನೋಡಿ ಆಮೇಲ್ ಬರಿತೀನಿ."

ಶಿಲ್ಪಶ್ರೀ ಖಾಯಂ ಆದಳು. ಮೊನ್ನೆ ಬಸ್ಸಿನಲ್ಲಿ ಇನ್ನೊಬ್ಬ ಹೊಸ ಹುಡುಗಿಗೆ ಅದೇ ಬರಹ ತೋರಿಸಿ ಜಂಬದಿಂದ ಹೇಳುತ್ತಿದ್ದಳು: "ಇವ್ರು ಬರ್ದಿದ್ ನಂಬ್ಬೋದು ಕಣೇ. ತಪ್ಪಾದ್ರೆ ಅವ್ರೇ ಹೇಳ್ತಾರೆ."

ಸೆಲಿನಾ ಕೇಳಿಸದವರಂತೆ ಕಿಟಕಿಯಾಚೆ ನೋಡಿದರು. ಮುಖದಲ್ಲಿ ಮಾತ್ರ ಹಬ್ಬ!