ಬೀಗರ ಎದುರಿನ ಸ್ಕ್ಯಾನಿಂಗ್

ಮನುಷ್ಯ ಎಷ್ಟು ಲೋಹ ಹೊತ್ತು ತಿರುಗುತ್ತಾನೆಂಬುದು ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತಾಗಲೇ ತಿಳಿಯುವುದು. ಸೊಂಟನೋವೆಂದು ಹೆಬ್ಬಾಳದ ಸ್ಕ್ಯಾನಿಂಗ್ ಸೆಂಟರಿಗೆ ಬಂದ ನಮ್ಮ ಭಾವ ಮುನಿರಾಜಪ್ಪನವರ ಮೈಯಿಂದ ನವರತ್ನದ ಉಂಗುರ, ಬೆಳ್ಳಿಯ ಉಡಿದಾರ, ತಾಯಿತ, ಕೊಡಿಗೇಹಳ್ಳಿಯ ಹೊಲ ಅಪಾರ್ಟ್‌ಮೆಂಟಾದ ಮೇಲೆ ಕೊರಳಿಗೇರಿದ ಸರ, ಎಲ್ಲವೂ ನನ್ನ ಬೊಗಸೆಗೆ ಇಳಿದವು. ನಾನು ಉತ್ಸವಮೂರ್ತಿಯ ಒಡವೆ ಕಾಯುವ ಪಾರುಪತ್ತೇಗಾರನಂತೆ ಗಂಭೀರನಾಗಿ ನಿಂತೆ.

ನಮ್ಮ ಕಡೆ ರೋಗಿ ಒಬ್ಬನೇ ಆಸ್ಪತ್ರೆಗೆ ಹೋದರೆ ಮನೆತನಕ್ಕೇ ಅವಮಾನ. ಆದ್ದರಿಂದ, ಮೊದಲೇ ದೂರದ ನೆಂಟರಾಗಿದ್ದ ಯಲಹಂಕದ ಬೀಗರೂ ಎಳನೀರು ಹಿಡಿದು ಬಂದಿದ್ದರು. ಅವರ ಮಗನಿಗೂ ಭಾವನ ಮಗಳಿಗೂ ಮುಂದಿನ ವಾರ ನಿಶ್ಚಿತಾರ್ಥ. ಅಂಥವರ ಎದುರಿಗೇ ಟೆಕ್ನಿಷಿಯನ್ ಹುಡುಗಿ, "ಮೈ ಒಳಗೆ ಏನಾದ್ರೂ ಮೆಟಲ್ ಇದ್ಯಾ ಸರ್? ರಾಡು, ಕ್ಲಿಪ್ಪು, ಪೇಸ್‌ಮೇಕರ್ರು?" ಎಂದು ಕೇಳಿಬಿಟ್ಟಳು.

"ಏನೂ ಇಲ್ಲ ಕಣಮ್ಮ. ಎಂಗಿವ್ನಿ ನೋಡು, ಕಲ್ಗುಂಡು!" ಎಂದರು ಭಾವ.

ಆ ಕಲ್ಲುಗುಂಡಿನ ಎದೆಯಲ್ಲಿ ಪೇಸ್‌ಮೇಕರ್ ಕುಳಿತು ವರ್ಷವಾಗಿತ್ತು. ಹೃದ್ರೋಗವೆಂದರೆ ಮಗಳಿಗೆ ಸಂಬಂಧ ಕೂಡಿಬರದೆಂದು ಹೆದರಿ, ಆಸ್ಪತ್ರೆಯಲ್ಲಿದ್ದಷ್ಟು ದಿನವೂ ತಿರುಪತಿ ಯಾತ್ರೆಯೆಂದು ಊರಿಗೆಲ್ಲ ಸಾರಿದ್ದರು. ಸಾಕ್ಷಿಗೆಂದು ತಲೆ ಬೋಳಿಸಿಕೊಂಡರು. ಜೊತೆಗಿದ್ದ ತಪ್ಪಿಗೆ ನನ್ನದನ್ನೂ ಬೋಳಿಸಿದರು. ಅವರ ಕೂದಲು ಮರಳಿ ಬಂತು, ನನ್ನದು ಬರಲಿಲ್ಲ.

ನೆಂಟರನ್ನು ನಂಬಿಸಿದಂತೆ ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ನಂಬಿಸಲಾಗದು. ಅದು ಪೇಸ್‌ಮೇಕರಿನ ಬುದ್ಧಿ ಕೆಡಿಸಿ ಎದೆಬಡಿತವನ್ನೇ ಏರುಪೇರು ಮಾಡಬಲ್ಲದು. ಸುಮ್ಮನಿರು ಎಂದು ನನಗೆ ಕಣ್ಸನ್ನೆ ಮಾಡಿ ಭಾವ ಒಳಗೆ ಹೊರಟೇಬಿಟ್ಟರು. ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿಟ್ಟ ಮನುಷ್ಯ ಮರ್ಯಾದೆಯೊಂದನ್ನು ಬಿಚ್ಚಲಾರದೆ ಸಾಯಲು ಸಿದ್ಧನಾದದ್ದನ್ನು ಕಂಡು ನನಗೆ ಸಿಟ್ಟು ಬಂತು. ಅಕ್ಕನ ಮುಖ ನೆನಪಾಯಿತು.

"ಬಿಡ್ಬೇಡ ಕಣಮ್ಮಾ, ಪೇಸ್‌ಮೇಕರ್ ಇದೆ! ಹೋದ್ ವರ್ಷ ನಾವು ತಿರುಪತಿಗೆ ಹೋಗಿರ್ಲಿಲ್ಲ, ಅದನ್ನ ಹಾಕ್ಸೋಕೆ ಹೋಗಿದ್ವಿ!" ಎಂದು ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೇ ಕಿರುಚಿದೆ.

ಹುಡುಗಿ ಭಾವನ ತೋಳು ಹಿಡಿದು ಹಿಂದಕ್ಕೆ ಕರೆತಂದು ಕೂರಿಸಿದಳು. "ಯಾವ ಮಾಡೆಲ್ ಅಂತ ಗೊತ್ತಾಗ್ಬೇಕು, ಹಾರ್ಟ್ ಡಾಕ್ಟ್ರು ಒಪ್ಬೇಕು. ಆಮೇಲೆ ನೋಡೋಣ" ಎಂದಳು. ಮದುವೆ ಮುರಿಯಿತೆಂದೇ ನಾನು ತಿಳಿದೆ.

ಬೀಗರು ತಂದಿದ್ದ ಎಳನೀರನ್ನು ಭಾವನ ಕೈಗಿಟ್ಟರು. "ನಿಶ್ಚಿತಾರ್ಥ ಅದರ ಪಾಡಿಗೆ ಆಗ್ಲಿ ಬಿಡಿ, ಜೀವ ಉಳೀತಲ್ಲ" ಎಂದರು. ಮತ್ತೆ, "ಆದ್ರೆ ಪ್ರಸಾದ ಅಂತ ಲಾಡು ಕೊಟ್ರಲ್ಲ, ಮನೆಮಂದಿಯೆಲ್ಲ ಕಣ್ಣಿಗೊತ್ಕೊಂಡು ತಿಂದ್ವಿ. ಅದೆಲ್ಲೀದು?" ಎಂದು ಕೇಳಿದರು.

ಭಾವ ತಲೆ ಎತ್ತದೆ ಹೇಳಿದರು: "ಯಶವಂತಪುರದ ಬೇಕರೀದು."